ಬಾಗಿಲಿಗೆ ಯಾವ ಮರ?

ಕರಿಘಟ್ಟದ ಮೆಟ್ಟಿಲು ಹತ್ತಿ ನಿಂತರೆ ಕೆಳಗೆ ಲೋಕಪಾವನಿ ಬಂದು ಕಾವೇರಿಯನ್ನು ಸೇರುವುದೂ ಅದರಾಚೆ ಶ್ರೀರಂಗಪಟ್ಟಣದ ಹಸುರೂ ಕಾಣುತ್ತವೆ. ಆ ಹಸುರಿನ ನಡುವೆಯೇ ಇರುವುದು 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್. ಜನ ಅಲ್ಲಿಗೆ ಭಿತ್ತಿಚಿತ್ರಗಳನ್ನು ನೋಡಲು ಹೋಗುತ್ತಾರೆ. ನಾನು ಈಚೆಗೆ ಹೋಗುವುದು ಕಂಬಗಳನ್ನು ನೋಡಲು. ಬಹುಪಾಲು ತೇಗದ ಆ ಕಟ್ಟಡ ಎರಡು ಶತಮಾನಗಳ ಮಳೆಗಾಲಗಳನ್ನು ದಾಟಿದೆ. ನನ್ನ ಮನೆಯ ತೇಗದ ಬಾಗಿಲು ಎರಡನ್ನೂ ದಾಟಲಿಲ್ಲ.

ಬೆಟ್ಟದ ತಪ್ಪಲಿನ ಹಳೆಯ ಮನೆಯನ್ನು ಕೆಡವಿದಾಗ ಅದರ ಬೇವಿನ ತೊಲೆಗಳನ್ನೂ ಹಲಸಿನ ಬಾಗಿಲವಾಡವನ್ನೂ ಸೌದೆಗಿಂತ ತುಸು ಮೇಲಿನ ಬೆಲೆಗೆ ಮಾರಿಬಿಟ್ಟೆ. ಹೊಸ ಮನೆಗೆ ತೇಗವೇ ಆಗಬೇಕೆಂಬ ಹಟ. ಆಷಾಢದಲ್ಲಿ ಆ ಬಾಗಿಲು ಉಬ್ಬಿ ಕಚ್ಚಿಕೊಂಡಿತು. ಶಿವರಾತ್ರಿಯ ಹೊತ್ತಿಗೆ ಹಲಗೆಗಳ ಸಂದಿನಲ್ಲಿ ಬೆರಳು ತೂರುವಂತಾಯಿತು. ಆಮೇಲೆ ಅಂಚಿನಿಂದ ಹಿಟ್ಟು ಉದುರತೊಡಗಿತು. ಕರೆಸಿದ ಆಚಾರಿ ಉಳಿಯಿಂದ ಪಾಲಿಷು ಕೆರೆದು, ಒಳಗಿನ ಬಿಳುಪನ್ನು ತೋರಿಸಿ, "ಇದರಲ್ಲಿ ಚೇಗೆಲ್ಲಿದೆ, ಮೇಷ್ಟ್ರೇ?" ಎಂದ.

ಚೇಗು ಎಂದರೆ ಕಾಂಡದ ಒಳಗಿನ, ಬಣ್ಣ ಕಟ್ಟಿದ ಭಾಗ. ತೊಗಟೆಯ ಕೆಳಗಿನ ಬಿಳಿಯ ಭಾಗ ಮರದ ಜೀವದ ದಾರಿ. ನೀರು ಏರುವುದು ಅಲ್ಲಿ, ಪಿಷ್ಟ ಕೂಡಿಡುವುದೂ ಅಲ್ಲಿ. ಹುಳು ಬಯಸುವುದು ಆ ಪಿಷ್ಟವನ್ನೇ. ವರ್ಷಗಳು ಕಳೆದಂತೆ ಒಳಭಾಗದ ಕೆಲಸ ನಿಂತು ಅಲ್ಲಿ ಎಣ್ಣೆಯಂಥ, ಕಹಿಯಾದ ವಸ್ತುಗಳು ತುಂಬುತ್ತವೆ. ತೇಗಕ್ಕೆ ಗೆದ್ದಲನ್ನು ತಡೆಯುವ ಶಕ್ತಿ ಬಂದದ್ದು ಹೀಗೆ. ಎಳೆಯ ತೇಗದಲ್ಲಿ ಬಿಳುಪೇ ಹೆಚ್ಚು. ಅದು ಹೆಸರಿಗಷ್ಟೇ ತೇಗ. ಆದ್ದರಿಂದ ಕೊಳ್ಳುವಾಗ ಹಲಗೆಯ ಮುಖವನ್ನಲ್ಲ, ಕೊಯ್ದ ತುದಿಯನ್ನು ನೋಡಬೇಕು. ಬಣ್ಣ ಬಳಿದಿರಬಹುದೆಂಬ ಅನುಮಾನವಿದ್ದರೆ ಒಂದು ಸೀಳು ಕೀಸಿಸಿ ನೋಡಲು ಸಂಕೋಚ ಬೇಡ. ಸಂಕೋಚಪಟ್ಟೇ ನಾನು ಕೆಟ್ಟದ್ದು.

ಎರಡನೆಯದು ನೀರು. ಹಸಿ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ, ಅದೂ ಒಂದೇ ಸಮನಾಗಿ ಅಲ್ಲ: ಕಾಂಡದ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗಿಗಿಂತ ಸುಮಾರು ಇಮ್ಮಡಿ. ಹಲಗೆ ದೋಣಿಯಂತೆ ಬಾಗುವುದು ಈ ಅಸಮತೆಯಿಂದಲೇ. ನೂರು ಭಾಗ ಒಣ ಮರಕ್ಕೆ ಸುಮಾರು 12 ಭಾಗ ನೀರು ಉಳಿಯುವವರೆಗೆ, ನೆರಳಿನಲ್ಲಿ, ಹಲಗೆಗಳ ನಡುವೆ ಗಾಳಿಯಾಡುವಂತೆ ಪಟ್ಟಿಗಳನ್ನಿಟ್ಟು ಒಣಗಿಸಿದರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಮನೆ ಕಟ್ಟಿಸುವವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು!

ಇನ್ನು ಜಾತಿಯ ಮಾತು. ಮರವೆಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಜಾತಿಯನ್ನು ಆರಿಸುವುದು ಲೇಸು. ಮಳೆಬಿಸಿಲಿಗೆ ಒಡ್ಡುವ ಬಾಗಿಲು ಕಿಟಕಿಗಳಿಗೆ ಬಲಿತ ತೇಗ. ಹೊನ್ನೆಯೂ ಗಟ್ಟಿಯೇ, ಆದರೆ ನೆನೆದರೆ ಹಳದಿ ಬಿಡುತ್ತದೆ, ಸುಣ್ಣದ ಗೋಡೆಯ ಪಕ್ಕದಲ್ಲಿ ಎಚ್ಚರ ಬೇಕು. ಭಾರ ಹೊರುವ ತೊಲೆಗೆ ಮತ್ತಿ ಸಾಕು. ಬೇಗ ಒಣಗಿಸಿದರೆ ಅದು ಸೀಳುತ್ತದೆ. ಬೀಟೆಯನ್ನು ಮೈಸೂರಿನ ಕೆತ್ತನೆಯವರಿಗೇ ಬಿಡೋಣ. ಚನ್ನಪಟ್ಟಣದ ಬೊಂಬೆಗೆ ಒಗ್ಗುವ ಮೃದುವಾದ ಹಾಲೆಮರ ಹೊಸ್ತಿಲಿಗೆ ಒಗ್ಗದು. ನಮ್ಮ ಹೊಲದ ಬದುವಿನ ಬೇವಿಗೆ ನಯವಾದ ಹೊಳಪು ಬರುವುದಿಲ್ಲ, ಎಳೆಗಳು ಹೆಣೆದುಕೊಂಡು ಉಜ್ಜುಗೊರಡನ್ನು ತಡೆಯುತ್ತವೆ. ಆದರೂ ಬಟ್ಟೆಯ ಪೆಟ್ಟಿಗೆಗೆ, ಮನೆಯೊಳಗಿನ ಕಪಾಟಿಗೆ ಅದು ಬಹಳ ಒಳ್ಳೆಯದು. ವೀಣೆಯ ಕೊಡಕ್ಕೆ ಬರುವ ಹಲಸು ಬಾಗಿಲವಾಡಕ್ಕೂ ಬರುತ್ತದೆ. ಮೊದಲು ಹಳದಿಯಾಗಿದ್ದು ಕ್ರಮೇಣ ಕಂದಾಗುತ್ತದೆ.

ಇವೆಲ್ಲಕ್ಕಿಂತ ಒಳ್ಳೆಯದು ಕೆಡವಿದ ಮನೆಯ ಮರ. ಅದು ಬಲಿತದ್ದು, ಕುಗ್ಗಬೇಕಾದಷ್ಟು ಕುಗ್ಗಿ ಮುಗಿಸಿದ್ದು. ಮೊಳೆಗಳನ್ನು ಕಿತ್ತು, ಹುಳು ಹಿಡಿದ ಅಂಚನ್ನು ಕೊಯ್ದು ತೆಗೆದರಾಯಿತು. ಇದು ನನಗೆ ತಿಳಿಯುವ ಹೊತ್ತಿಗೆ ನಮ್ಮ ಹಲಸಿನ ಬಾಗಿಲವಾಡ ಪಕ್ಕದ ಊರಿನ ಒಂದು ಕೊಟ್ಟಿಗೆಯಲ್ಲಿ ನಿಂತಿತ್ತು. ಹೋಗಿ ನೋಡಿದೆ. ಮೂಲೆಗಳು ಒಂದಿಷ್ಟೂ ಬಿಟ್ಟಿರಲಿಲ್ಲ. ಹಬ್ಬಕ್ಕೆ ಅಜ್ಜಿ ತೋರಣ ಕಟ್ಟುತ್ತಿದ್ದ ಎರಡು ಮೊಳೆಗಳೂ ಹಾಗೆಯೇ ಇದ್ದವು. ಕೊಂಡ ಬೆಲೆಯ ನಾಲ್ಕರಷ್ಟು ಕೊಡುತ್ತೇನೆಂದೆ. ಮನೆಯಾತ ನಕ್ಕು, ಕಾಫಿ ಕುಡಿಸಿ, ಕಳಿಸಿಕೊಟ್ಟ.