ಬ್ಯಾಟ್‌ಮನ್ ಸಜ್ಜನನೇ? ಒಂಬತ್ತು ಮನೆಗಳ ಪಟದಲ್ಲೊಂದು ವಿಚಾರಣೆ

ರಾತ್ರಿ ವೇಳೆ ಮುಖವಾಡ ತೊಟ್ಟು ಪರರ ಕಟ್ಟಡಕ್ಕೆ ನುಗ್ಗುವವನು, ಶಂಕಿತರನ್ನು ಥಳಿಸಿ ಬಾಯಿ ಬಿಡಿಸುವವನು, ವಾರಂಟ್ ಇಲ್ಲದೆಯೇ ಊರವರ ಮೇಲೆಲ್ಲ ಕಣ್ಣಿಡುವವನು ಕಾನೂನಿನ ದೃಷ್ಟಿಯಲ್ಲಿ ಯಾರು? ಅಪರಾಧಿ, ಅನುಮಾನವೇ ಇಲ್ಲ. ಆದರೆ ಆತನ ಹೆಸರು ಬ್ಯಾಟ್‌ಮನ್ ಎಂದೊಡನೆ ಉತ್ತರಿಸುವವರ ನಾಲಗೆ ತಡವರಿಸುತ್ತದೆ.

1939ರಲ್ಲಿ ಅಮೆರಿಕದ 'ಡಿಟೆಕ್ಟಿವ್ ಕಾಮಿಕ್ಸ್'ನ 27ನೇ ಸಂಚಿಕೆಯಲ್ಲಿ ಈ ಪಾತ್ರ ಮೊದಲು ಕಾಣಿಸಿಕೊಂಡಿತು. ಸೃಷ್ಟಿಕರ್ತರು ಬಾಬ್ ಕೇನ್ ಮತ್ತು ಬಿಲ್ ಫಿಂಗರ್. (ಫಿಂಗರ್‌ಗೆ ಅಧಿಕೃತ ಶ್ರೇಯ ದೊರೆತದ್ದು 2015ರಲ್ಲಿ, ಆತ ತೀರಿಕೊಂಡು 41 ವರ್ಷಗಳಾದ ಮೇಲೆ. ನ್ಯಾಯದ ಕಥೆ ಬರೆದವನಿಗೇ ನ್ಯಾಯ ಅಷ್ಟು ತಡವಾಯಿತು!) ಈ ನಾಯಕನ ನೀತಿಯನ್ನು ತೂಗಲು ಅಭಿಮಾನಿಗಳು ಕೈಗೆತ್ತಿಕೊಂಡಿರುವ ತಕ್ಕಡಿ ಮಾತ್ರ ಕಾಮಿಕ್ಸ್ ಲೋಕದ್ದಲ್ಲ. ಅದು ಬಂದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರಾಭಿನಯದ ಆಟದಿಂದ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ಧರಿಸುತ್ತಾನೆ. ಆ ಪಾತ್ರಕ್ಕೊಂದು 'ಅಲೈನ್‌ಮೆಂಟ್', ಅಂದರೆ ನೈತಿಕ ನಿಲುವು ಇರಬೇಕು. ಮೊದಲಿಗೆ ಇದ್ದದ್ದು ಮೂರೇ ನಿಲುವುಗಳು: ನಿಯಮನಿಷ್ಠ, ತಟಸ್ಥ, ಸ್ವಚ್ಛಂದ. ಪೋಲ್ ಆ್ಯಂಡರ್ಸನ್ ಮತ್ತು ಮೈಕೆಲ್ ಮೂರ್‌ಕಾಕ್‌ರ ಕಾದಂಬರಿಗಳ ಪ್ರಭಾವ ಇದು. 1976ರಲ್ಲಿ ಗೈಗ್ಯಾಕ್ಸ್ ಇದಕ್ಕೆ ಒಳಿತು–ಕೆಡುಕುಗಳ ಇನ್ನೊಂದು ಅಕ್ಷವನ್ನು ಜೋಡಿಸಿದರು. ಮೂರು ಮೂರಲೆ ಒಂಬತ್ತು. ನಿಯಮನಿಷ್ಠ ಸಜ್ಜನನಿಂದ ಹಿಡಿದು ಸ್ವಚ್ಛಂದ ದುಷ್ಟನವರೆಗೆ ಒಂಬತ್ತು ಮನೆಗಳ ಪಟ ಹೀಗೆ ಸಿದ್ಧವಾಯಿತು.

ಸೂಪರ್‌ಮ್ಯಾನ್‌ನನ್ನು ನಿಯಮನಿಷ್ಠ ಸಜ್ಜನರ ಮನೆಯಲ್ಲಿ, ಜೋಕರ್‌ನನ್ನು ಸ್ವಚ್ಛಂದ ದುಷ್ಟರ ಮನೆಯಲ್ಲಿ ಕೂರಿಸಲು ಯಾರಿಗೂ ಕಷ್ಟವಿಲ್ಲ. ಪೇಚಿಗೆ ಸಿಕ್ಕಿಸುವವನು ಬ್ಯಾಟ್‌ಮನ್.

ಯಾವ ಬ್ಯಾಟ್‌ಮನ್ ಎಂಬುದೇ ಮೊದಲ ತೊಡಕು. 1939ರ ಚೊಚ್ಚಲ ಕಥೆಯಲ್ಲಿ ಆತನ ಹೊಡೆತ ತಿಂದ ಖಳ ಆ್ಯಸಿಡ್ ತೊಟ್ಟಿಗೆ ಬಿದ್ದು ಸಾಯುತ್ತಾನೆ. ನಾಯಕನಿಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ. 1940ರಲ್ಲಿ ಆತ ವಿಮಾನದಿಂದ ಮಷಿನ್ ಗನ್ ಹಾರಿಸಿದ್ದೂ ಉಂಟು. ಆ ಬಳಿಕ ಸಂಪಾದಕ ವಿಟ್ನಿ ಎಲ್ಸ್‌ವರ್ತ್, ಇನ್ನು ಮುಂದೆ ಬ್ಯಾಟ್‌ಮನ್ ಕೊಲ್ಲಕೂಡದು, ಬಂದೂಕು ಹಿಡಿಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ನಾವಿಂದು ಆತನ ಆತ್ಮಸಾಕ್ಷಿ ಎಂದು ಕೊಂಡಾಡುವ ನಿಯಮ ಹುಟ್ಟಿದ್ದು ಸಂಪಾದಕರ ಮೇಜಿನ ಮೇಲೆ. 1966ರ ದೂರದರ್ಶನ ಸರಣಿಯಲ್ಲಂತೂ ಆಡಂ ವೆಸ್ಟ್‌ನ ಬ್ಯಾಟ್‌ಮನ್ ಪೊಲೀಸರಿಂದ ವಿಧಿವತ್ತಾಗಿ ಅಧಿಕಾರ ಪಡೆದವನು, ಸಭ್ಯತೆಯ ಪುತ್ಥಳಿ. 2016ರಲ್ಲಿ ಝ್ಯಾಕ್ ಸ್ನೈಡರ್ ಚಿತ್ರದಲ್ಲಿ ಆತ ಮತ್ತೆ ಎಗ್ಗಿಲ್ಲದೆ ಜನರನ್ನು ಕೊಂದ. ಈ ಎರಡು ತುದಿಗಳನ್ನು ಬದಿಗಿರಿಸಿ, ಬಹುಕಾಲ ಓದುಗರು ಒಪ್ಪಿಕೊಂಡಿರುವ, ಕೊಲ್ಲದ ಬ್ಯಾಟ್‌ಮನ್‌ನನ್ನೇ ಕಟಕಟೆಗೆ ಕರೆಯೋಣ.

'ನಿಯಮ' ಎಂದರೆ ಯಾರ ನಿಯಮ?

ಆತನೂ ನಿಯಮನಿಷ್ಠನೇ ಎಂದು ವಾದಿಸುವವರು ಮುಂದಿಡುವ ಸಾಕ್ಷ್ಯ ಆತನ ಶಿಸ್ತು. ಎಂಥ ಕೆರಳಿಕೆಯಲ್ಲೂ ಮುರಿಯದ ವ್ರತ. ಆಟದ 2000ನೇ ಇಸವಿಯ ಮೂರನೇ ಆವೃತ್ತಿ ಏನು ಹೇಳುತ್ತದೆ ನೋಡಿ. ನಿಯಮನಿಷ್ಠರು ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಅಧಿಕಾರಸ್ಥರನ್ನು ಗೌರವಿಸುತ್ತಾರೆ. ಸ್ವಚ್ಛಂದರು ತಮ್ಮ ಅಂತಃಸಾಕ್ಷಿಯನ್ನು ಅನುಸರಿಸುತ್ತಾರೆ, ಅಪ್ಪಣೆ ಮಾಡುವವರನ್ನು ಸಹಿಸುವುದಿಲ್ಲ. ಕೊಟ್ಟ ಮಾತು ಮತ್ತು ಅಧಿಕಾರ, ಈ ಎರಡನ್ನೂ ಆಟ ಒಂದೇ ಗೂಟಕ್ಕೆ ಕಟ್ಟಿದೆ. ಬ್ಯಾಟ್‌ಮನ್ ಇವೆರಡನ್ನು ಬಿಡಿಸಿಬಿಡುತ್ತಾನೆ. ತನಗೆ ತಾನೇ ಕೊಟ್ಟ ಮಾತಿಗೆ ತಪ್ಪದವನು, ಗಾಥಮ್ ನಗರದ ಕಾನೂನಿಗೆ ದಿನನಿತ್ಯ ತಪ್ಪುವವನು.

ಸ್ವಂತ ಕಟ್ಟಳೆ ಇದ್ದರೆ ಸಾಕು ಎಂಬ ವಾದ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಮಾರ್ವೆಲ್‌ನ ಪನಿಶರ್ ನಿದರ್ಶನ. 1974ರಲ್ಲೇ, ಸ್ಪೈಡರ್‌ಮ್ಯಾನ್ ಮಾಲಿಕೆಯ 129ನೇ ಸಂಚಿಕೆಯಲ್ಲಿ ಕಾಣಿಸಿಕೊಂಡವನು. ಬ್ಯಾಟ್‌ಮನ್ ತಂದೆತಾಯಿಯನ್ನು ಕಳೆದುಕೊಂಡಂತೆ ಈತ ಹೆಂಡತಿ ಮಕ್ಕಳನ್ನು ಪಾತಕಿಗಳ ಗುಂಡಿಗೆ ಕಳೆದುಕೊಂಡ. ಈತನಿಗೂ ಕಟ್ಟುನಿಟ್ಟಿನ ಕಟ್ಟಳೆಯಿದೆ, ಶಿಸ್ತಿದೆ. ಆದರೆ ಆ ಕಟ್ಟಳೆ ಪಾತಕಿಗಳನ್ನು ಕೊಲ್ಲು ಎನ್ನುತ್ತದೆ. ಶಿಸ್ತನ್ನೇ ನಿಯಮನಿಷ್ಠೆ ಎಂದರೆ ಇವನನ್ನೂ ಅದೇ ಸಾಲಿನಲ್ಲಿ ಕೂರಿಸಬೇಕಾಗುತ್ತದೆ.

ಹಾಗಾದರೆ ಇಬ್ಬರ ನಡುವಿನ ಅಂತರವೇನು? ಪನಿಶರ್ ಪೊಲೀಸ್, ನ್ಯಾಯಾಧೀಶ, ಗಲ್ಲಿಗೇರಿಸುವವ ಮೂವರೂ ತಾನೇ ಆಗುತ್ತಾನೆ. ಬ್ಯಾಟ್‌ಮನ್ ಮೊದಲನೆಯ ಕೆಲಸವನ್ನಷ್ಟೇ ಕಸಿದುಕೊಂಡು, ಆರೋಪಿಯನ್ನು ಕಮಿಷನರ್ ಗಾರ್ಡನ್‌ಗೆ ಒಪ್ಪಿಸಿ ಮರೆಯಾಗುತ್ತಾನೆ. ಕಾನೂನನ್ನು ಕೈಗೆತ್ತಿಕೊಂಡವನು ಅದನ್ನು ಅರ್ಧದಾರಿಯಲ್ಲಿ ಹಿಂದಿರುಗಿಸುತ್ತಾನೆ. 1988ರ 'ದಿ ಕಿಲ್ಲಿಂಗ್ ಜೋಕ್' ಕೃತಿಯಲ್ಲಿ ಮಗಳನ್ನು ಗುಂಡಿಟ್ಟು ಊನಗೊಳಿಸಿ, ತನ್ನನ್ನೂ ಚಿತ್ರಹಿಂಸೆಗೆ ಗುರಿಪಡಿಸಿದ ಜೋಕರ್‌ನನ್ನು ಕಾನೂನುಬದ್ಧವಾಗಿಯೇ ಹಿಡಿದು ತಾ ಎಂದು ಗಾರ್ಡನ್ ಬ್ಯಾಟ್‌ಮನ್‌ಗೆ ಹೇಳುತ್ತಾನೆ. ಪಟದ ನಿಯಮನಿಷ್ಠ ಸಜ್ಜನ ಯಾರೆಂದು ಕೇಳಿದರೆ ಈ ಲೇಖಕನ ಬೆರಳು ಗಾರ್ಡನ್‌ನತ್ತ ಹೋಗುತ್ತದೆ.

ಸತ್ತವನ ಪ್ರಶ್ನೆ

ಕೊಲ್ಲದ ವ್ರತಕ್ಕೆ ಬೆಲೆ ತೆರುವವರು ಬೇರೆಯವರು. ಅದೇ 1988ರಲ್ಲಿ ಪ್ರಕಾಶಕರು, ಬ್ಯಾಟ್‌ಮನ್‌ನ ಕಿರಿಯ ಜೊತೆಗಾರ ರಾಬಿನ್, ಅಂದರೆ ಜೇಸನ್ ಟಾಡ್, ಬದುಕಬೇಕೇ ಸಾಯಬೇಕೇ ಎಂಬುದನ್ನು ಓದುಗರ ದೂರವಾಣಿ ಮತಕ್ಕೆ ಹಾಕಿದರು. ಕರೆಯೊಂದಕ್ಕೆ 50 ಸೆಂಟ್. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಮತಗಳ ಅಂತರದಲ್ಲಿ ಜೋಕರ್ ಆ ಹುಡುಗನನ್ನು ಕೊಂದ. 2005ರಲ್ಲಿ ಮರಳಿ ಬಂದ ಜೇಸನ್ ಕೇಳಿದ ಪ್ರಶ್ನೆ ಒಂದೇ: ನನ್ನನ್ನು ಕೊಂದವನು ಇನ್ನೂ ಏಕೆ ಉಸಿರಾಡುತ್ತಿದ್ದಾನೆ? ಎಲ್ಲರನ್ನೂ ಕೊಲ್ಲೆಂದು ಆತ ಕೇಳುವುದಿಲ್ಲ. ಇವನೊಬ್ಬನನ್ನು, ತನಗಾಗಿ.

ಕೊಲ್ಲುವುದು ಕಷ್ಟವಲ್ಲ, ಬಲು ಸುಲಭ; ಒಮ್ಮೆ ಆ ಕತ್ತಲೆಗಿಳಿದರೆ ಮರಳಿ ಬರಲಾರೆ ಎಂಬರ್ಥದ ಉತ್ತರ ಬ್ಯಾಟ್‌ಮನ್‌ನದು. ಗಮನಿಸಿ, ಇಲ್ಲಿ ನ್ಯಾಯಾಲಯದ ಹೆಸರಿಲ್ಲ, ಸಂವಿಧಾನದ ಮಾತಿಲ್ಲ. ಆತ ಕೊಲ್ಲದಿರುವುದು ತನ್ನ ಕುರಿತು ತನಗೇ ಇರುವ ಭಯದಿಂದ. ನಮ್ಮ ಹಿರಿಯರು ಧರ್ಮಸೂಕ್ಷ್ಮ ಎಂದು ಕರೆದದ್ದು ಇಂಥ ಇಕ್ಕಟ್ಟನ್ನೇ. ಜೋಕರ್‌ನ ಮುಂದಿನ ಬಲಿಗಳ ಮನೆಯವರಿಗೆ ಈ ಉತ್ತರ ಸಾಕಾದೀತೇ? ಸಾಕಾಗದು. ಆದರೂ ಮುಖವಾಡದವನೊಬ್ಬ ಯಾರು ಬದುಕಬೇಕೆಂದು ತೀರ್ಮಾನಿಸುವ ಊರು ಅದಕ್ಕಿಂತ ಭಯಾನಕ.

ಕ್ರಿಸ್ಟೋಫರ್ ನೋಲನ್‌ರ 'ದಿ ಡಾರ್ಕ್ ನೈಟ್' (2008) ಆತನನ್ನು ಇನ್ನೊಂದು ಬದಿಯಿಂದ ಪರೀಕ್ಷಿಸುತ್ತದೆ. ಜೋಕರ್‌ನನ್ನು ಹುಡುಕಲು ಬ್ಯಾಟ್‌ಮನ್ ಗಾಥಮ್‌ನ ಪ್ರತಿಯೊಂದು ಮೊಬೈಲ್ ಫೋನನ್ನೂ ಕದ್ದಾಲಿಸುವ ಯಂತ್ರವಾಗಿಸುತ್ತಾನೆ. ಒಬ್ಬನ ಕೈಯಲ್ಲಿ ಇಷ್ಟು ಅಧಿಕಾರ ಸಲ್ಲದು ಎಂದು ಸಹಾಯಕ ಲೂಸಿಯಸ್ ಫಾಕ್ಸ್ ಸಿಡಿಮಿಡಿಗೊಳ್ಳುತ್ತಾನೆ. ಕೊಲೆಯಿಲ್ಲದ, ರಕ್ತವಿಲ್ಲದ ಈ ಕೃತ್ಯವೇ ನನಗೆ ಆತನ ಅತ್ಯಂತ ಗಂಭೀರ ಅಪರಾಧವಾಗಿ ಕಾಣುತ್ತದೆ. ಥಳಿತ ತಿಂದವರು ಪಾತಕಿಗಳಾಗಿದ್ದರು, ಇಲ್ಲಿ ಇಡೀ ನಗರವೇ ಶಂಕಿತ. ಆತನ ಪರವಾಗಿ ಹೇಳಬಹುದಾದದ್ದು ಒಂದೇ. ಯಂತ್ರದ ಹತೋಟಿಯನ್ನು ಆತ ತಾನಿಟ್ಟುಕೊಳ್ಳದೆ ಫಾಕ್ಸ್‌ಗೆ ಒಪ್ಪಿಸಿದ್ದ, ಕೆಲಸ ಮುಗಿದೊಡನೆ ನಾಶವಾಗುವ ವ್ಯವಸ್ಥೆಯನ್ನೂ ಮಾಡಿದ್ದ. ಆದರೆ ಅದೇ ಚಿತ್ರದ ಕೊನೆಯಲ್ಲಿ ಹಾರ್ವಿ ಡೆಂಟ್‌ನ ಕೊಲೆಗಳನ್ನು ಮುಚ್ಚಿಟ್ಟು ಹೇಳಿದ ಸುಳ್ಳಿಗೆ ಅಂಥ ಅವಧಿಯೇನೂ ಇರಲಿಲ್ಲ. 2012ರ ಮುಂದಿನ ಚಿತ್ರದಲ್ಲಿ ಆ ಸುಳ್ಳಿನ ಮೇಲೆ ಒಂದು ಕಾಯ್ದೆಯೇ ನಿಂತಿದೆ. ಕೈದಿಗಳಿಗೆ ಪೆರೋಲ್ ಇಲ್ಲ. ಆ ಸುಳ್ಳನ್ನು ಬಯಲು ಮಾಡಿ ಸೆರೆಮನೆಯ ಬಾಗಿಲು ಒಡೆಯುವವನು ಖಳನಾಯಕ ಬೇನ್.

ತೀರ್ಪು ಕೊಡಲೇಬೇಕೆಂದರೆ: ತಟಸ್ಥ ಸಜ್ಜನ. ಕಾನೂನು ಕೆಲಸಕ್ಕೆ ಬಂದಾಗ ಬಳಸುತ್ತಾನೆ, ಅಡ್ಡ ಬಂದಾಗ ಬದಿಗೆ ಸರಿಸುತ್ತಾನೆ. ಕೆಡವುವ ಹಂಬಲ ಇಲ್ಲದ್ದರಿಂದ ಸ್ವಚ್ಛಂದನಲ್ಲ. ಸಜ್ಜನ ಎಂಬ ಪದವೂ ಷರತ್ತಿನ ಮೇಲೆ, ಫಾಕ್ಸ್‌ನಂಥವರು ಪಕ್ಕದಲ್ಲಿರುವವರೆಗೆ. ಅಂದಹಾಗೆ, 'ದಿ ಡಾರ್ಕ್ ನೈಟ್' ತೆರೆಕಂಡ 2008ರಲ್ಲೇ ಆಟದ ನಾಲ್ಕನೇ ಆವೃತ್ತಿ ಒಂಬತ್ತು ಮನೆಗಳನ್ನು ಐದಕ್ಕಿಳಿಸಿ, ತಟಸ್ಥ ಸಜ್ಜನ, ಸ್ವಚ್ಛಂದ ಸಜ್ಜನ ಎರಡನ್ನೂ ಅಳಿಸಿ ಬರೀ 'ಸಜ್ಜನ' ಎಂದಷ್ಟೇ ಉಳಿಸಿತ್ತು. ಆಟಗಾರರ ವಾಗ್ವಾದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. 2014ರ ಐದನೇ ಆವೃತ್ತಿಯಲ್ಲಿ ಒಂಬತ್ತೂ ಮನೆಗಳು ಮರಳಿ ಬಂದವು.