ಹೊಸ ರೂಲ್‌ಬುಕ್‌ನಲ್ಲಿ ಕಾಡಿನ ದಾರಿ ಇರಲಿಲ್ಲ

ತಿಂಗಳಿಗೆ ಎರಡು ಶನಿವಾರ ಬೆಂಗಳೂರಿಂದ ತಿತಿಮತಿಗೆ ಬರ್ತೀನಿ. ಅಮ್ಮನ್ನ ನೋಡೋಕೆ ಅಂತ ಆಫೀಸಲ್ಲಿ ಹೇಳ್ತೀನಿ, ಅರ್ಧ ನಿಜ. ಉಳಿದರ್ಧ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ, ಕತ್ತಿ ತಾಗುತ್ತೋ ಇಲ್ಲವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ ನಮ್ಮ ಜಗಲಿಗೆ ಬಂದಿದ್ದು ಲಾಕ್‌ಡೌನ್ ಕಾಲದಲ್ಲಿ. ಕಥೆ ನಡೆಸೋನು ನಾನು. ಆಡೋರು ತಂಗಿ, ಚಿಕ್ಕಪ್ಪನ ಮಗ, ಸ್ಕೂಲಿನ ಇಬ್ಬರು ಗೆಳೆಯರು. ಅವತ್ತಿಂದ ಒಂದೇ ಕಥೆ ನಡೀತಿದೆ.

ನಾವು ಆಡ್ತಿದ್ದದ್ದು 2014ರ ನಿಯಮ. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂತು. ಸಾಫ್ಟ್‌ವೇರ್‌ನವನಿಗೆ ಹೊಸ ವರ್ಷನ್ ಅಂದ್ರೆ ಕೈ ತುರಿಸುತ್ತೆ. ಅಮೆರಿಕದಲ್ಲಿ 49.99 ಡಾಲರ್ ಬೆಲೆಯ ಪುಸ್ತಕವನ್ನ ಬೋನಸ್ ಬಂದ ತಿಂಗಳು ತರಿಸಿಕೊಂಡೆ.

ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮೊದಲು ಗಾಯದ ಮದ್ದು ಕುಡಿಯೋಕೇ ಒಂದು ಸರದಿ ಹೋಗ್ತಿತ್ತು, ಈಗ ಕುಡಿದೂ ಕತ್ತಿ ಬೀಸಬಹುದು. ದಣಿವಿನ ಆರು ಹಂತಕ್ಕೆ ಆರು ಬೇರೆ ಬೇರೆ ಶಿಕ್ಷೆ ಇತ್ತು. ಈಗ ಹಂತಕ್ಕೆ ದಾಳದಲ್ಲಿ 2, ನಡಿಗೆಯಲ್ಲಿ 5 ಅಡಿ ಕಳೆದ್ರೆ ಮುಗೀತು. (ಆರನೇ ಹಂತ ಎರಡರಲ್ಲೂ ಸಾವೇ.) ತಂಗಿ ಫೈಟರ್. ಅವಳಂಥವರಿಗೆ ಒಂದೊಂದು ಆಯುಧಕ್ಕೂ ಒಂದೊಂದು ಪಟ್ಟು ಕೊಟ್ಟಿದ್ದಾರೆ, ಕೊಡಲಿ ಏಟಿಗೆ ವೈರಿ ನೆಲಕ್ಕುರುಳಬಹುದು. ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿ ಪೂಜಿಸೋ ನಾಡಲ್ಲಿ ಇದು ಯಾರಿಗೆ ಇಷ್ಟ ಆಗಲ್ಲ?

ಯಾರನ್ನೂ ಕೇಳದೆ ಎಲ್ಲರ ಪಾತ್ರವನ್ನೂ ಹೊಸ ನಿಯಮಕ್ಕೆ ಬದಲಾಯಿಸಿ ಪ್ರಿಂಟ್ ತೆಗೆದುಕೊಂಡು ಬಂದೆ. ಚಿಕ್ಕಪ್ಪನ ಮಗ ತನ್ನ ಹಾಳೆಯನ್ನ ಎರಡು ಸಲ ಓದಿದ.

"ಅಣ್ಣ, ಕಾಡಿಂದು ಎಲ್ಲಿ?"

ಅವನು ರೇಂಜರ್. ಹಳೆ ನಿಯಮದಲ್ಲಿ ರೇಂಜರ್ ತನ್ನದು ಅಂತ ಒಂದು ನೆಲ ಆರಿಸ್ಕೊಳ್ತಾನೆ, ಅಲ್ಲಿ ಮಾಯೆ ಮಂತ್ರ ಬಿಟ್ರೆ ಬೇರೆ ಯಾವುದರಿಂದಲೂ ಅವನ ತಂಡ ದಾರಿ ತಪ್ಪಲ್ಲ. ಇವನು ಕಾಡನ್ನೇ ಆರಿಸ್ಕೊಂಡಿದ್ದ. ಹೊಸ ಪುಸ್ತಕದಲ್ಲಿ ಆ ಗುಣವೇ ಇಲ್ಲ. ಬದಲಿಗೆ ಬೇಟೆಯ ಗುರುತು ಹಾಕೋ ಮಂತ್ರವನ್ನ ಕೆಲವು ಸಲ ಪುಕ್ಕಟೆ ಕೊಟ್ಟಿದ್ದಾರೆ.

"ಏಟು ಜಾಸ್ತಿ ಬೀಳುತ್ತಲ್ಲೋ" ಅಂದೆ. ಅವನು ಮಾತಾಡಲಿಲ್ಲ. ಮುಂದಿನ ಸಲ ಕರೆದಾಗ ತೋಟದಲ್ಲಿ ಕೆಲಸ ಇದೆ ಅಂದ. ರಾತ್ರಿ ಎಂಟಕ್ಕೆ ಯಾವ ತೋಟದ ಕೆಲಸ?

ಮರುದಿನ ಬೆಳಗ್ಗೆ ಅವನ ಜೊತೆ ತೋಟಕ್ಕೆ ಹೋದೆ. ನಾಗರಹೊಳೆ ಅಂಚಿನ ಊರು ನಮ್ದು. ಕೆಲಸದವರು ಕಾಫಿ ಗಿಡದ ಮಧ್ಯೆ ಇಳಿಯೋ ಮುಂಚೆ ಅವನು ಒಬ್ಬನೇ ಮುಂದೆ ಹೋಗಿ ಲದ್ದಿ, ಮುರಿದ ಕೊಂಬೆ ನೋಡಿ ಆನೆ ಯಾವ ಕಡೆ ಹೋಗಿದೆ ಅಂತ ಹೇಳ್ತಾನೆ. ಅವತ್ತೂ ಕೈ ಎತ್ತಿ ನನ್ನ ನಿಲ್ಲಿಸಿದ, ಬೇರೆ ದಾರೀಲಿ ಕರ್ಕೊಂಡು ಹೋದ. ಆ ಹಾಳೆಯಿಂದ ನಾನು ಏನು ಅಳಿಸಿದ್ದೆ ಅಂತ ಆಗ ಹೊಳೀತು. ಓಡ್ತಿರೋ ಸಿಸ್ಟಮ್‌ಗೆ ಬಳಸೋರನ್ನ ಕೇಳದೆ ಅಪ್‌ಗ್ರೇಡ್ ಹಾಕಿದ್ರೆ ಆಫೀಸಲ್ಲಿ ಜಗಳ ತೆಗೆಯೋನು ನಾನೇ.

ಈ ಕಥೆ ಹಳೆ ನಿಯಮದಲ್ಲೇ ಮುಗಿಯುತ್ತೆ ಅಂತ ಎಲ್ಲರೂ ಕೂತು ತೀರ್ಮಾನಿಸಿದ್ವಿ. ಮದ್ದು, ದಣಿವಿನ ನಿಯಮ ಮಾತ್ರ ಹೊಸದರಿಂದ ಸಾಲ. ತಂಗಿಯ ಕೊಡಲಿಗೆ ಬೇರೆ ಸಣ್ಣ ಕಥೆ, ಪೂರ್ತಿ ಹೊಸ ನಿಯಮದ್ದು. ಹಳೇದು ಕೈತಪ್ಪುತ್ತೆ ಅನ್ನೋ ಭಯವೂ ಇಲ್ಲ. ಅದರ ಮೂಲ ನಿಯಮಗಳನ್ನ 2023ರ ಜನವರಿಯಲ್ಲೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಬಿಟ್ಟಿದ್ದಾರೆ, ವಾಪಸ್ ಪಡೆಯೋ ಹಾಗಿಲ್ಲ.

ಮುಂದಿನ ಶನಿವಾರ ಅವನು ಬಂದ. ಕಥೆಯಲ್ಲಿ ಮಂಜು ಕವಿದ ಕಾಡು. ನಾನು ಅಭ್ಯಾಸಬಲದಿಂದ ದಾಳ ಹಾಕು ಅಂದೆ.

"ಬೇಡ ಅಣ್ಣ, ದಾರಿ ನಂಗೊತ್ತು."