ನಿಂಬೆರಸ ಮುಖಕ್ಕಲ್ಲ

ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಮುಖಕ್ಕೆ ಹಚ್ಚಿಕೊಂಡ ಮರುದಿನ ಕೆನ್ನೆ ಉರಿಯತೊಡಗಿತು, ವಾರದಲ್ಲಿ ಅಲ್ಲೇ ಕಂದು ಕಲೆ ಮೂಡಿತು. 'ಅಂಗಡಿ ಕ್ರೀಮು ಮುಟ್ಟುವವಳೇ ಅಲ್ಲ, ನನಗೇಕೆ ಹೀಗಾಯಿತು?' ಎಂದು ಓದುಗರೊಬ್ಬರು ಕೇಳಿದ್ದಾರೆ. ಅನುಮಾನ ಪಡಬೇಕಾದದ್ದು ಆ ನಿಂಬೆಯನ್ನೇ.

ನಮ್ಮ ಚರ್ಮದ ಪಿಎಚ್ ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ಅಂದರೆ ರಸ ಚರ್ಮಕ್ಕಿಂತ ಸಾವಿರ ಪಟ್ಟು ಹುಳಿ. ಸೂಕ್ಷ್ಮ ಚರ್ಮ ಉರಿಯಲು ಅಷ್ಟೇ ಸಾಕು. ಆದರೆ ಕಲೆಯ ಕಥೆ ಬೇರೆ, ಸ್ವಾರಸ್ಯವೂ ಅಲ್ಲಿಯೇ.

ನಿಂಬೆ ಹಿಂಡುವಾಗ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಮಡಚಿ. ಕಣ್ಣಿಗೆ ಕಾಣುವಂಥ ಎಣ್ಣೆಯ ತುಂತುರು ಚಿಮ್ಮುತ್ತದೆ. ಹಿಂಡುವಾಗ ರಸಕ್ಕೂ ಸೇರುವ ಆ ಎಣ್ಣೆಯಲ್ಲಿ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿವೆ. ಹುಳು, ಶಿಲೀಂಧ್ರಗಳಿಂದ ಕಾಪಾಡಿಕೊಳ್ಳಲು ಗಿಡವೇ ತಯಾರಿಸುವ ಅಸ್ತ್ರ ಇದು. ಕತ್ತಲಲ್ಲಿ ಇವು ಚರ್ಮಕ್ಕೆ ಹೆಚ್ಚೇನೂ ಮಾಡವು. ಬಿಸಿಲಿನ ಅತಿನೇರಳೆ-ಎ ಕಿರಣ ಬಿದ್ದೊಡನೆ ಕೆರಳಿ, ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತವೆ. ಕೋಶಗಳು ಸಾಯುತ್ತವೆ, ಒಂದೆರಡು ದಿನದಲ್ಲಿ ಕೆಂಪು, ಕೆಲವರಿಗೆ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಂದು ಕಲೆ. ಇದು ಅಲರ್ಜಿಯಲ್ಲ; ರಸವೂ ಬಿಸಿಲೂ ಸಾಕಷ್ಟಿದ್ದರೆ ಯಾರಿಗಾದರೂ ಆಗಬಹುದು. ರಸ ಹರಿದ ದಾರಿಯಲ್ಲೇ ಗೆರೆ ಮೂಡುತ್ತದೆ. ನಿಂಬೆ ಹಿಂಡಿದ ಕೈಯಿಂದ ತಾಯಿ ಮಗುವನ್ನು ಎತ್ತಿಕೊಂಡಾಗ ಬೆರಳಚ್ಚು ಮೂಡಿ, ಯಾರೋ ಹೊಡೆದಿದ್ದಾರೆಂದು ವೈದ್ಯರೇ ಶಂಕಿಸಿದ ಪ್ರಕರಣಗಳೂ ದಾಖಲಾಗಿವೆ!

ಬಿಸಿಲಿಗೆ ಕೆರಳುವ ಇದೇ ಗುಣ ಮದ್ದೂ ಆಗುತ್ತದೆ. ಆಯುರ್ವೇದದಲ್ಲಿ ತೊನ್ನಿಗೆ ಬಳಸುವ ಬಾವಂಚಿ ಬೀಜದಲ್ಲಿರುವುದು ಫ್ಯುರಾನೊಕೌಮರಿನ್ ಕುಲದ್ದೇ ಆದ ಸೋರಾಲೆನ್. 1974ರಲ್ಲಿ ಬಾಸ್ಟನ್ನಿನ ವೈದ್ಯರು ಇದೇ ಬಗೆಯ ಔಷಧ ಕೊಟ್ಟು, ಅತಿನೇರಳೆ-ಎ ಬೆಳಕು ಹಾಯಿಸಿ ಸೋರಿಯಾಸಿಸ್ ತಗ್ಗಿಸಿ ತೋರಿಸಿದರು. ಅಲ್ಲಿ ಮದ್ದಿಗೂ ಅಳತೆಯಿತ್ತು, ಬೆಳಕಿಗೂ ಅಳತೆಯಿತ್ತು. ನಮ್ಮ ಬಚ್ಚಲುಮನೆಯ ಲೇಪಕ್ಕೆ ಎರಡೂ ಇಲ್ಲ.

'ಗಿಡದಿಂದ ಬಂದದ್ದು ಏನೂ ಮಾಡದು' ಎಂಬುದು ಶುದ್ಧ ಮೂಢನಂಬಿಕೆ. ನಿಂಬೆ ಹಚ್ಚಿ ಬೆಳ್ಳಗಾಗಲು ಹೊರಟವರಿಗೆ ಕಪ್ಪು ಕಲೆಯೇ ಸಿಗಬಹುದು. ಮೋಡ ಕವಿದಿದ್ದರೂ ಕಿಟಕಿಯ ಗಾಜು ಅಡ್ಡವಿದ್ದರೂ ಅತಿನೇರಳೆ-ಎ ಕಿರಣ ಸಾಕಷ್ಟು ದಾಟಿ ಬರುತ್ತದೆ. ನಿಂಬೆ ಹಿಂಡಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಬಿಸಿಲಿಗೆ ಹೋಗಿ. ರಸ ಪಾನಕಕ್ಕಿರಲಿ, ಚಿತ್ರಾನ್ನಕ್ಕಿರಲಿ, ಮುಖಕ್ಕೆ ಬೇಡ.